ಪಾಪ, ಪಶ್ಚಾತ್ತಾಪ, ಸಂಧಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪಾಪ, ಕ್ಷಮೆ, ಪಾಪನಿವೇದನೆಯ (ಮಾಡಿದ ಪಾಪವನ್ನು ಗುರುಗಳ ಮುಂದೆ ಹೇಳಿಕೊಂಡು ಕ್ಷಮೆ ಪಡೆಯುವುದು) ಮಾತೇ ಹೆಚ್ಚಾಗುತ್ತದೆ. ಈ ಸಲ ಕಥೋಲಿಕರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯವರು, ಕ್ರೈಸ್ತರಲ್ಲದವರು ಎಲ್ಲರೂ ಬರೆದಿದ್ದಾರೆ. ವಿಷಯ ಅವರವರ ಅಂತರಂಗದ್ದು. ಹಾಗಾಗಿ ಹೆಸರು ಬಿಟ್ಟು ಬಡಾವಣೆಯನ್ನು ಮಾತ್ರ ಕೊಟ್ಟಿದ್ದೇವೆ.

ಪಕ್ಕದ ಮನೆಯ ಕ್ರೈಸ್ತರ ಮೂರು ತಿಂಗಳ ಕೂಸಿನ ಜ್ಞಾನಸ್ನಾನಕ್ಕೆ ಹೋಗಿದ್ದೆವು. ಜನ್ಮಪಾಪ ತೊಳೆದುಹೋಗುತ್ತದೆ ಎಂದರು. ಹಾಲು ಕುಡಿಯುವ ಕೂಸು ಮಾಡಿದ ಪಾಪವಾದರೂ ಏನು? ನಾವು ಹೇಳುವ ಪೂರ್ವಜನ್ಮದ ಕರ್ಮವೇ ಇದು?
— ರಾಜಾಜಿನಗರದ ಓದುಗರು

ಕೂಸು ಯಾವ ಪಾಪವನ್ನೂ ಮಾಡಿಲ್ಲ. ಕಥೋಲಿಕ ಧರ್ಮಸಭೆ ಹೇಳುವುದೂ ಅದನ್ನೇ: ಜನ್ಮಪಾಪ ಎನ್ನುವುದು ಮಾಡಿದ ಕೆಲಸವಲ್ಲ, ಹುಟ್ಟುವಾಗಲೇ ಬಂದ ಸ್ಥಿತಿ. ಪಾಪ ಎಂಬ ಪದವನ್ನು ಇಲ್ಲಿ ನೇರ ಅರ್ಥದಲ್ಲಿ ಹಿಡಿಯಬಾರದು. ಮನುಷ್ಯಕುಲ ದೇವರಿಗೆ ಬೆನ್ನು ಹಾಕಿ ನಿಂತ ಮನೆ. ಆ ಮನೆಯಲ್ಲಿ ಹುಟ್ಟುವ ಮಗು ತಪ್ಪಿತಸ್ಥನಾಗಿ ಹುಟ್ಟುವುದಿಲ್ಲ, ಆದರೆ ಮನೆಯ ಬಾಗಿಲು ಎತ್ತ ತೆರೆದಿದೆಯೋ ಅತ್ತಲೇ ಹೊರಡುತ್ತದೆ. ಯಾರೂ ಕಲಿಸದೆಯೇ ಎರಡು ವರ್ಷದ ಮಗು ಆಟಿಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತದಲ್ಲ, ಆ ಒಲವು.

ಇದರಲ್ಲಿ ಕ್ರೈಸ್ತರೆಲ್ಲ ಒಂದೇ ಮಾತು ಆಡುವುದಿಲ್ಲ. ಯೇಸುವಿನ ಸಂದೇಶ ಸಾರಿದ ಪೌಲನು ರೋಮಿನವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ 5ನೇ ಅಧ್ಯಾಯದ 12ನೇ ವಚನದಲ್ಲಿ ಒಂದು ಗ್ರೀಕ್ ಪದಗುಚ್ಛವಿದೆ. ಅದನ್ನು 'ಏಕೆಂದರೆ ಎಲ್ಲರೂ ಪಾಪಮಾಡಿದರು' ಎಂದು ಓದುವುದೇ ಸಹಜ. ಹಳೆಯ ಲ್ಯಾಟಿನ್ ಅನುವಾದದಲ್ಲಿ ಅದು 'ಅವನಲ್ಲಿ ಎಲ್ಲರೂ ಪಾಪಮಾಡಿದರು' ಎಂಬ ಅರ್ಥ ಕೊಡುವಂತಾಯಿತು. ಅವನಲ್ಲಿ ಎಂದರೆ ದೇವರ ಮಾತು ಮೀರಿದ ಮೊದಲ ಮನುಷ್ಯ ಆದಾಮನಲ್ಲಿ. ಸಂತ ಅಗಸ್ಟಿನ್ (354–430) ಈ ಲ್ಯಾಟಿನ್ ಪಾಠವನ್ನೇ ಹಿಡಿದು ಆದಾಮನ ಅಪರಾಧವೂ ಸಂತತಿಗೆ ಇಳಿದು ಬಂತು ಎಂದು ವಾದಿಸಿದರು. ಗ್ರೀಕ್ ಓದುತ್ತಿದ್ದ ಪೂರ್ವದ ಸಭೆಗಳು ಅಷ್ಟು ದೂರ ಹೋಗಲಿಲ್ಲ. ಇಳಿದು ಬಂದದ್ದು ಸಾವು ಮತ್ತು ದೌರ್ಬಲ್ಯ, ಅಪರಾಧದ ಹೊಣೆಯಲ್ಲ ಎಂದರು. ಪೂರ್ವದ ಆರ್ಥೊಡಾಕ್ಸ್ ಸಭೆಗಳವರನ್ನು ಕೇಳಿದರೆ ಇವತ್ತಿಗೂ ಆ ಉತ್ತರವೇ ಸಿಗುತ್ತದೆ.

ಕರ್ಮಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಕರ್ಮದ ಲೆಕ್ಕದಲ್ಲಿ ಮಗು ತಾನೇ ಹಿಂದೆ ಮಾಡಿದ್ದನ್ನು ಈಗ ಉಣ್ಣುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಮಗುವಿಗೆ ಹಿಂದಿನ ಜನ್ಮವೂ ಇಲ್ಲ, ಅದರ ಬಾಕಿಯೂ ಇಲ್ಲ. 'ಮಾಡಿದ್ದುಣ್ಣೋ ಮಹಾರಾಯ' ಎನ್ನುವ ಮಾತನ್ನು ಬೈಬಲ್ ತಳ್ಳಿಹಾಕುವುದಿಲ್ಲ. ಬಿತ್ತಿದ್ದನ್ನೇ ಕೊಯ್ಯಬೇಕು ಎಂದು ಪೌಲನೂ ಬರೆದಿದ್ದಾನೆ. ಆದರೆ ದೇವರಿಗೂ ನಮಗೂ ಇರುವ ನಂಟು ಆ ಲೆಕ್ಕದ ಮೇಲೆ ನಿಂತಿಲ್ಲ ಎನ್ನುವುದು ಈ ನಂಬಿಕೆಯ ಜೀವಾಳ.

ದೊಡ್ಡವರು ಮಾಡುವ ಪಾಪದ ಬಗ್ಗೆ ಒಂದು ಮಾತು ಸೇರಿಸುತ್ತೇವೆ. ದಾವೀದ ರಾಜ ಊರೀಯನ ಹೆಂಡತಿಯನ್ನು ಕೆಡಿಸಿ, ಊರೀಯನನ್ನು ಯುದ್ಧದಲ್ಲಿ ಸಾಯಿಸಿದ ಮೇಲೆ ಹಾಡಿದ್ದು ಎನ್ನಲಾಗುವ 51ನೇ ಕೀರ್ತನೆಯ ಮೊದಲ ಸಾಲುಗಳಲ್ಲೇ ಪಾಪಕ್ಕೆ ಮೂರು ಹೀಬ್ರೂ ಪದಗಳು ಬರುತ್ತವೆ. ಪೆಶಾ ಎಂದರೆ ದಂಗೆ, ಗೊತ್ತಿದ್ದೂ ತಿರುಗಿಬೀಳುವುದು. ಆವೋನ್ ಎಂದರೆ ನೆಟ್ಟಗಿದ್ದದ್ದು ಸೊಟ್ಟಗಾಗುವುದು. ಮೂರನೆಯದು ಹತ್ತಾತ್, ಗುರಿ ತಪ್ಪುವುದು. ಈ ಮೂರನೆಯದರ ಧಾತು ನ್ಯಾಯಸ್ಥಾಪಕರ ಗ್ರಂಥದಲ್ಲಿ ಧರ್ಮದ ಸೋಂಕೇ ಇಲ್ಲದ ಕಡೆ ಬರುತ್ತದೆ. ಬೆನ್ಯಾಮೀನ್ ಕುಲದ 700 ಮಂದಿ ಎಡಗೈ ಬಂಟರು ಕವಣೆ ಬೀಸಿದರೆ ಕೂದಲೆಳೆಯಷ್ಟು ಗುರಿಯೂ ತಪ್ಪುತ್ತಿರಲಿಲ್ಲವಂತೆ. ಆ 'ತಪ್ಪು' ಇದೇ ಪದ. ಪಾಪ ಎಂದ ಕೂಡಲೇ ನಿಯಮ ಮುರಿಯುವುದಷ್ಟೇ ಎಂದುಕೊಳ್ಳುವವರು ಉಳಿದೆರಡನ್ನು ಕೈಬಿಟ್ಟಿರುತ್ತಾರೆ.

ಮದುವೆಗೆ ಮುಂಚೆ ಮಾಡಿದ್ದೇ ಕೊನೆಯ ಪಾಪನಿವೇದನೆ. 18 ವರ್ಷವಾಯಿತು. ಪ್ರಾರ್ಥನೆಗಳೂ ಮರೆತುಹೋಗಿವೆ. ಗುರುಗಳು ಬೈದಾರೆಂಬ ಅಂಜಿಕೆ. ಹೇಗೆ ಶುರುಮಾಡಲಿ?
— ಕಮ್ಮನಹಳ್ಳಿಯ ಓದುಗಿ

ಅಮ್ಮ, ಬನ್ನಿ. ಹೋಗಬೇಕು ಎಂದು ನಿಮಗೆ ಅನಿಸಿದ್ದೇ ದೇವರ ಕೆಲಸ ಎಂದು ಸಭೆ ನಂಬುತ್ತದೆ. ನೀವು ಹೊರಡುವ ಮುಂಚೆಯೇ ಕರೆ ಬಂದಿದೆ. ಮಂಗಳೂರು ಕಡೆಯವರ ಕುಮ್ಸಾರ್, ಮಲಯಾಳಿಗಳ ಕುಂಬಸಾರ, ತಮಿಳರ ಪಾವಸಂಕೀರ್ತನ, ನಮ್ಮ ಪಾಪನಿವೇದನೆ ಎಲ್ಲವೂ ಒಂದೇ. ಬೆಂಗಳೂರಿನಲ್ಲಿ ಇಷ್ಟು ಭಾಷೆಗಳ ಗುರುಗಳಿರುವಾಗ ನಿಮ್ಮ ಮನಸ್ಸು ಯಾವ ಭಾಷೆಯಲ್ಲಿ ಅಳುತ್ತದೋ ಅದರಲ್ಲೇ ಹೇಳಿಕೊಳ್ಳಿ.

ಮೊದಲು ಸಮಯ ನೋಡಿಕೊಳ್ಳಿ. ಭಾನುವಾರ ಬಲಿಪೂಜೆಗೆ (ಕಥೋಲಿಕರ ಮುಖ್ಯ ಆರಾಧನೆಗೆ) ಹತ್ತು ನಿಮಿಷ ಇರುವಾಗ ಸಾಲಿನಲ್ಲಿ ನಿಲ್ಲಬೇಡಿ. 18 ವರ್ಷದ್ದನ್ನು ಹತ್ತು ನಿಮಿಷಕ್ಕೆ ತುರುಕಿದರೆ ನಿಮಗೂ ಸಮಾಧಾನವಿಲ್ಲ, ಹಿಂದೆ ನಿಂತವರಿಗೂ ಇಲ್ಲ. ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗುವವರಾದರೆ ಜನ ಕಿಕ್ಕಿರಿಯುವ ಗುರುವಾರ ಬಿಟ್ಟು ಬೇರೆ ದಿನ ಹೋಗಿ. ಎಲ್ಲಕ್ಕಿಂತ ಒಳ್ಳೆಯದು, ಧರ್ಮಕೇಂದ್ರದ (ನಿಮ್ಮ ಭಾಗದ ಚರ್ಚಿನ) ಕಚೇರಿಗೆ ಫೋನ್ ಮಾಡಿ 'ಬಹಳ ವರ್ಷದ ಪಾಪನಿವೇದನೆ, ಅರ್ಧ ಗಂಟೆ ಬೇಕು' ಎಂದು ಕೇಳುವುದು. ಕಾರಣ ಹೇಳಬೇಕಿಲ್ಲ. ಪರಿಚಯದ ಗುರುಗಳೆದುರು ಬಾಯಿ ಬರುವುದಿಲ್ಲ ಎಂದರೆ ಬೇರೆ ಧರ್ಮಕೇಂದ್ರಕ್ಕೆ ಹೋಗುವ ಸ್ವಾತಂತ್ರ್ಯ ನಿಮಗಿದೆ. ಜಾಲರಿಯ ಹಿಂದೆ ಕುಳಿತು ಹೇಳುವ ಹಕ್ಕೂ ಇದೆ.

ಹಿಂದಿನ ರಾತ್ರಿ ಮನಸ್ಸಾಕ್ಷಿಯ ಪರಿಶೀಲನೆ ಮಾಡಿ. ಹತ್ತು ಆಜ್ಞೆಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ನೋಡುವುದು ಹಳೆಯ ಕ್ರಮ. ದೀರ್ಘಕಾಲದ ನಂತರ ಹೋಗುವವರಿಗೆ ಬದುಕಿನ ಘಟ್ಟಗಳನ್ನು ಹಿಡಿಯುವುದು ಸುಲಭ: ಮದುವೆಯಾದ ಹೊಸತು, ಅತ್ತೆಮನೆ, ಮಕ್ಕಳು, ಕೆಲಸ, ಆಸ್ತಿಯ ವ್ಯವಹಾರ. ಚೀಟಿಯಲ್ಲಿ ಬರೆದುಕೊಂಡರೆ ತಪ್ಪಿಲ್ಲ, ಮುಗಿದ ಮೇಲೆ ಹರಿದು ಹಾಕಿ. ಫೋನಿನಲ್ಲಿ ಬರೆದಿಟ್ಟುಕೊಳ್ಳಬೇಡಿ, ಮನೆಯವರ ಕೈಗೆ ಸಿಕ್ಕೀತು.

ಏನೆಲ್ಲ ಹೇಳಬೇಕು? ಮಾರಕ ಪಾಪಗಳನ್ನು ಹೇಳಲೇಬೇಕು. ಒಂದು ಪಾಪ ಮಾರಕ ಎನಿಸಲು ಮೂರೂ ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರ ಎಂದು ಗೊತ್ತಿರಬೇಕು, ಗೊತ್ತಿದ್ದೂ ಮನಸಾರೆ ಮಾಡಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೆ ಅದು ಲಘು ಪಾಪ. ಅದನ್ನೂ ಹೇಳುವುದು ಒಳ್ಳೆಯದು, ಕಡ್ಡಾಯವಿಲ್ಲ. ಮಾರಕ ಪಾಪದ ಬಗೆ ಮತ್ತು ಎಣಿಕೆ ಎರಡನ್ನೂ ಹೇಳಬೇಕು ಎನ್ನುತ್ತದೆ ನಿಯಮ. 18 ವರ್ಷದ ಎಣಿಕೆ ಯಾರಿಗೆ ನೆನಪಿರುತ್ತದೆ? 'ಸುಮಾರು ಐದು ವರ್ಷ, ತಿಂಗಳಿಗೆ ಎರಡು ಮೂರು ಸಲ' ಎಂದರೆ ಸಾಕು. ಪಾಪದ ಸ್ವರೂಪವನ್ನೇ ಬದಲಿಸುವ ಸಂದರ್ಭವನ್ನು ಮಾತ್ರ ಸೇರಿಸಿ. ಕದ್ದೆ ಎನ್ನುವುದೇ ಬೇರೆ, ದೇವಾಲಯದ ಕಾಣಿಕೆ ಡಬ್ಬಿಯಿಂದ ಕದ್ದೆ ಎನ್ನುವುದೇ ಬೇರೆ.

ಒಳಗೆ ಹೋದ ಮೇಲೆ ಶಿಲುಬೆಯ ಗುರುತು ಹಾಕಿ, ಆಶೀರ್ವಾದ ಕೇಳಿ, ಎಷ್ಟು ವರ್ಷವಾಯಿತು ಎಂದು ಮೊದಲೇ ಹೇಳಿಬಿಡಿ. 'ಎಲ್ಲ ಮರೆತಿದೆ ಫಾದರ್, ನೀವೇ ನಡೆಸಿಕೊಡಿ' ಎಂದರೆ ಅವರೇ ಕೇಳುತ್ತಾ ಹೋಗುತ್ತಾರೆ. ಪಾಪಗಳನ್ನು ಹೇಳಿ ಮುಗಿಸಿದ ಮೇಲೆ 'ಇವುಗಳಿಗೂ ಮರೆತ ಪಾಪಗಳಿಗೂ ಕ್ಷಮೆ ಬೇಡುತ್ತೇನೆ' ಎನ್ನಿ. ಗುರುಗಳು ಎರಡು ಮಾತು ಹೇಳಿ ಪ್ರಾಯಶ್ಚಿತ್ತ ಕೊಡುತ್ತಾರೆ. ಅದು ನಿಮ್ಮಿಂದ ಆಗದ್ದಾದರೆ ಅಲ್ಲೇ ಹೇಳಿ, ಬದಲಿಸುತ್ತಾರೆ. ಪಶ್ಚಾತ್ತಾಪದ ಪ್ರಾರ್ಥನೆ ಬಾಯಿಗೆ ಬರದಿದ್ದರೆ ಸ್ವಂತ ಮಾತಿನಲ್ಲಿ ಹೇಳಬಹುದು. ಅವರು ತಲೆಯ ಮೇಲೆ ಕೈ ಚಾಚಿ ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಪಾಪವಿಮೋಚನೆಯ ಮಾತು ಹೇಳುವಾಗ ಬೇರೇನೂ ಗೊಣಗದೆ ಕೇಳಿಸಿಕೊಳ್ಳಿ. ಆ ಮಾತಿಗಾಗಿಯೇ ನೀವು ಹೋದದ್ದು. ಕೊನೆಗೆ 'ಆಮೆನ್' ಎನ್ನಿ.

ಎಡವಟ್ಟಾಗುವುದು ಹೆಚ್ಚಾಗಿ ನಾಲ್ಕು ಕಡೆ. ಅತ್ತೆಯ ಪಾಪ, ಗಂಡನ ಪಾಪ ಹೇಳುತ್ತಾ ಕೂರುವುದು ಒಂದು. 'ಎಲ್ಲರೂ ಮಾಡುವಂಥದ್ದೇ, ನಾನೂ ಮಾಡಿದೆ' ಎಂದು ತೇಲಿಸುವುದು ಇನ್ನೊಂದು. ಪಾಪವನ್ನು ಬಿಟ್ಟು ಅದರ ಕತೆಯನ್ನು ಹೇಳುವುದು ಮತ್ತೊಂದು. ಇವೆಲ್ಲ ಸಣ್ಣ ತೊಡಕು, ಗುರುಗಳೇ ದಾರಿಗೆ ತರುತ್ತಾರೆ. ನಿಜವಾಗಿ ಕೆಡಿಸುವುದು ನಾಲ್ಕನೆಯದು, ನಾಚಿಕೆಗೆ ಒಂದು ಮಾರಕ ಪಾಪವನ್ನು ಬೇಕೆಂದೇ ಮುಚ್ಚಿಡುವುದು. ಹಾಗಾದರೆ ಇಡೀ ನಿವೇದನೆಯೇ ಅಸಿಂಧು, ಹೇಳಿದ ಉಳಿದ ಪಾಪಗಳಿಗೂ ವಿಮೋಚನೆ ಸಿಕ್ಕಂತಲ್ಲ. ಮರೆತುಹೋದರೆ ಹಾಗಲ್ಲ. ಮರೆತದ್ದೂ ಕ್ಷಮೆಯೊಳಗೆ ಸೇರಿರುತ್ತದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ನಾಲಗೆ ಏಳದಿದ್ದರೆ 'ಹೇಳಲು ಕಷ್ಟವಾದದ್ದು ಒಂದಿದೆ' ಎಂದು ಮೊದಲಿಗೇ ಹೇಳಿಬಿಡಿ. ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಗುಟ್ಟಿನ ಬಗ್ಗೆ ಚಿಂತೆ ಬೇಡ. ಪಾಪನಿವೇದನೆಯ ಮುದ್ರೆಯನ್ನು, ಅಂದರೆ ಕೇಳಿದ್ದನ್ನು ಗುಟ್ಟಾಗಿಡುವ ಕಟ್ಟನ್ನು, ಯಾವ ಕಾರಣಕ್ಕೂ ಒಡೆಯುವಂತಿಲ್ಲ. ನೇರವಾಗಿ ಒಡೆದ ಗುರು ತಾನಾಗಿಯೇ ಧರ್ಮಸಭೆಯಿಂದ ಬಹಿಷ್ಕೃತನಾಗುತ್ತಾನೆ, ಅದನ್ನು ತೆಗೆಯುವ ಅಧಿಕಾರ ರೋಮಿನ ಪೀಠಕ್ಕೆ (ಪೋಪರ ಪೀಠಕ್ಕೆ) ಮಾತ್ರ. ಒಂದು ಮಾತು ಮುಂದಕ್ಕೆ ನೆನಪಿರಲಿ: ಮಾರಕ ಪಾಪವಿದ್ದವರು ವರ್ಷಕ್ಕೆ ಒಮ್ಮೆಯಾದರೂ ನಿವೇದಿಸಿಕೊಳ್ಳಬೇಕು ಎನ್ನುವುದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯಿಂದ ಇಂದಿನವರೆಗೂ ಇರುವ ಕಟ್ಟಳೆ.

ಫೋನಿನಲ್ಲೋ ವಾಟ್ಸ್ಯಾಪ್ ವಿಡಿಯೊದಲ್ಲೋ ಪಾಪನಿವೇದನೆ ಮಾಡಬಹುದೇ? ತಾಯಿಗೆ ಹಾಸಿಗೆ ಬಿಟ್ಟು ಏಳಲಾಗದು.
— ಟಿ. ದಾಸರಹಳ್ಳಿಯ ಓದುಗರು

ಆಗದು. ಕಥೋಲಿಕರಲ್ಲಿ ಸಂಸ್ಕಾರಕ್ಕೆ ಇಬ್ಬರೂ ಎದುರಿಗಿರಬೇಕು. ಆದರೆ ತಾಯಿಯವರು ಏಳಬೇಕಾಗಿಯೂ ಇಲ್ಲ. ಧರ್ಮಕೇಂದ್ರದಲ್ಲಿ ತಿಳಿಸಿ, ಗುರುಗಳು ಮನೆಗೆ ಬರುತ್ತಾರೆ. ಪಾಪನಿವೇದನೆ, ರೋಗಿಗಳ ತೈಲಾಭ್ಯಂಗ (ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವುದು), ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಮೂರನ್ನೂ ಒಂದೇ ಭೇಟಿಯಲ್ಲಿ ಕೊಡಬಹುದು. ಹಾಸಿಗೆಯ ಪಕ್ಕ ಸಣ್ಣ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ, ಒಂದು ಲೋಟ ನೀರು ಇಟ್ಟಿರಿ. ತಾಯಿ ಮಾತಾಡುವಾಗ ಮನೆಯವರೆಲ್ಲ ಕೋಣೆಯಿಂದ ಹೊರಗಿರಬೇಕು. ಕಿವಿ ಕೇಳದವರ ಬಳಿ ಗುರುಗಳು ಜೋರಾಗಿ ಮಾತಾಡಬೇಕಾಗಬಹುದು, ಆಗ ಟೀವಿ ಹಾಕಿ ಪಕ್ಕದ ಕೋಣೆಯಲ್ಲಿ ಕೂತರೂ ಒಳ್ಳೆಯದೇ.

ನಾವು ಸಿಎಸ್‌ಐ ಸಭೆಯವರು. ಭಾನುವಾರ ಎಲ್ಲರೂ ಕೂಡಿ ಪಾಪದ ಅರಿಕೆ ಓದುತ್ತೇವೆ. ಇಷ್ಟಕ್ಕೇ ಕ್ಷಮೆ ಸಿಗುತ್ತದೆಯೇ? ಕಥೋಲಿಕ ಗೆಳತಿ ಸಾಲದು ಎನ್ನುತ್ತಾಳೆ.
— ಸಂಪಂಗಿರಾಮನಗರದ ಓದುಗಿ

ನಿಮ್ಮ ಸಭೆಯ ನಂಬಿಕೆಯ ಪ್ರಕಾರ ಸಿಗುತ್ತದೆ. ಪಾಪಗಳನ್ನು ಅರಿಕೆ ಮಾಡಿದರೆ ದೇವರು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ ಎನ್ನುವ ಯೋಹಾನನ ಮೊದಲ ಪತ್ರದ ಮಾತೇ ಅದಕ್ಕೆ ಆಧಾರ. ಗೆಳತಿಯ ಮಾತೂ ಅವರ ಸಭೆಯ ಮಟ್ಟಿಗೆ ಸರಿಯೇ. ಬಲಿಪೂಜೆಯ ಆರಂಭದಲ್ಲಿ ಅವರೂ ಸಾಮೂಹಿಕ ಅರಿಕೆ ಮಾಡುತ್ತಾರೆ, ಆದರೆ ಅದಕ್ಕೆ ಪಾಪನಿವೇದನೆ ಸಂಸ್ಕಾರದ ಬಲ ಇಲ್ಲ ಎಂದು ಅವರಲ್ಲಿ ಸ್ಪಷ್ಟವಾಗಿದೆ.

ಪ್ರೊಟೆಸ್ಟೆಂಟ್ ಸಭೆಗಳು ಹುಟ್ಟಿದ ಹದಿನಾರನೇ ಶತಮಾನದ ಸುಧಾರಣೆಯ ಕಾಲದಲ್ಲಿ ಗುಟ್ಟಿನ ಅರಿಕೆಯನ್ನು ಕಿತ್ತುಹಾಕಿದರು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಆ ಸುಧಾರಣೆಗೆ ನಾಂದಿ ಹಾಡಿದ ಲೂಥರನಿಗೆ ಅದರ ಮೇಲೆ ಬಹಳ ಪ್ರೀತಿ. 1530ರ ಆಗ್ಸ್‌ಬರ್ಗ್ ನಂಬಿಕೆಯ ಪ್ರಕಟಣೆಯ (ಲೂಥರನ್ನರ ನಂಬಿಕೆಯ ಸಾರ) 11ನೇ ವಿಧಿ ಅದನ್ನು ಉಳಿಸಿಕೊಳ್ಳಬೇಕು ಎಂದೇ ಹೇಳುತ್ತದೆ. ಪ್ರತಿಯೊಂದು ಪಾಪವನ್ನೂ ಎಣಿಸಿ ಹೇಳುವ ಕಟ್ಟುಪಾಡನ್ನು ಮಾತ್ರ ಬೇಡವೆಂದಿತು. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲೂ ರೋಗಿಯ ಭೇಟಿಯ ಕ್ರಮದಲ್ಲಿ ಖಾಸಗಿ ಅರಿಕೆ ಮತ್ತು ವಿಮೋಚನೆ ಇದೆ. ಒಂದು ಪಾಪ ಮನಸ್ಸನ್ನು ಕೊರೆಯುತ್ತಲೇ ಇದ್ದರೆ, ಭಾನುವಾರದ ಅರಿಕೆಯಿಂದ ಅದು ಕದಲದಿದ್ದರೆ, ಸಭಾಪಾಲಕರ ಬಳಿ ಒಬ್ಬರೇ ಹೋಗಿ ಹೇಳಿಕೊಳ್ಳಿ. ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿರಿ ಎನ್ನುವ ಯಾಕೋಬನ ಮಾತು ನಿಮ್ಮ ಸತ್ಯವೇದದಲ್ಲೂ ಇದೆ.

ಸಾಮೂಹಿಕ ಅರಿಕೆ ಸೊರಗುವುದು ವೇಗದಿಂದ. ಓದುವ ಮುಂಚಿನ ಮೌನವನ್ನು ಹಲವು ಕಡೆ ಐದು ಸೆಕೆಂಡಿಗೆ ಮುಗಿಸಿಬಿಡುತ್ತಾರೆ. ಒಂದು ನಿಮಿಷವಾದರೂ ಬೇಕು. ಮನೆಯಿಂದ ಹೊರಡುವಾಗಲೇ ಆ ವಾರದ ಒಂದು ತಪ್ಪನ್ನು ಗುರುತಿಸಿಕೊಂಡು ಬನ್ನಿ, ಆಗ 'ಮಾತಿನಲ್ಲಿ, ನಡತೆಯಲ್ಲಿ' ಎಂಬ ಸಾಮಾನ್ಯ ಪದಕ್ಕೆ ನಿಮ್ಮದೇ ಮುಖ ಬರುತ್ತದೆ. ಇನ್ನು ಸಮಾಧಾನ ಹಂಚಿಕೊಳ್ಳುವ ಘಟ್ಟ. 1947ರಲ್ಲಿ ಸಿಎಸ್‌ಐ ಆದ ಮೇಲೆ ರೂಪಿಸಿದ ಕರ್ತನ ಭೋಜನದ ಕ್ರಮ ಇದನ್ನು ಸಿರಿಯನ್ ಕ್ರೈಸ್ತರ ಪದ್ಧತಿಯಿಂದ ಎತ್ತಿಕೊಂಡಿತು. ಕೊಡುವವರು ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸಬೇಕು, ಇಬ್ಬರೂ ಎಡಗೈಯಿಂದ ಮತ್ತೊಬ್ಬರ ಬಲಗೈಯನ್ನು ಮುಚ್ಚಬೇಕು. ಈಗ ಅದು ಎಷ್ಟೋ ಕಡೆ ದೂರದಿಂದ ಕೈಮುಗಿದು ನಗುವಷ್ಟಕ್ಕೆ ಇಳಿದಿದೆ. ಯಾರೊಡನೆ ಮಾತು ಬಿಟ್ಟಿದ್ದೀರೋ ಅವರ ಪಕ್ಕಕ್ಕೆ ಹೋಗಿ ಆ ಕೈ ಹಿಡಿಯುವುದಕ್ಕೇ ಆ ಘಟ್ಟ ಇರುವುದು ಎಂದು ನಮ್ಮ ದೃಢವಾದ ಅಭಿಪ್ರಾಯ.

ಕ್ಷಮಿಸುವ ದೇವರಿಗೆ ಮಗನ ರಕ್ತ ಏಕೆ ಬೇಕಾಯಿತು? ಸಿಟ್ಟು ತಣಿಸಲು ಬಲಿಯೇ?
— ಬಸವನಗುಡಿಯ ಓದುಗರು

ಪ್ರಶ್ನೆ ನೇರವಾಗಿದೆ, ಉತ್ತರವೂ ಹಾಗೇ ಇರಲಿ. ಸಿಟ್ಟಿನ ತಂದೆಯನ್ನು ಪ್ರೀತಿಯ ಮಗ ಸಮಾಧಾನ ಮಾಡಿದ ಎಂದು ಯಾವುದಾದರೂ ಉಪದೇಶದಲ್ಲಿ ಕೇಳಿದ್ದರೆ ಅದು ಕ್ರೈಸ್ತ ಬೋಧನೆಯ ವಿಕಾರ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ ತ್ರಿತ್ವದಲ್ಲಿ ತಂದೆಯ ಇಚ್ಛೆ ಮಗನ ಇಚ್ಛೆ ಎರಡಲ್ಲ.

ಪೌಲನು ಬಳಸುವ ಎರಡು ಪದಗಳನ್ನು ನೋಡೋಣ. ರೋಮಿನವರಿಗೆ ಬರೆದ ಪತ್ರದ 3ನೇ ಅಧ್ಯಾಯದ 25ನೇ ವಚನದಲ್ಲಿ ಬರುವುದು ಹಿಲಾಸ್ತೇರಿಯೊನ್. ಹಳೆ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಒಡಂಬಡಿಕೆಯ ಪೆಟ್ಟಿಗೆಯ ಮುಚ್ಚಳಕ್ಕೆ, ಅಂದರೆ ಕೃಪಾಸನಕ್ಕೆ, ಇದೇ ಪದ. ಚೊಕ್ಕ ಚಿನ್ನದ್ದು, ಉದ್ದ ಎರಡೂವರೆ ಮೊಳ, ಅಗಲ ಒಂದೂವರೆ ಮೊಳ. ವರ್ಷಕ್ಕೆ ಒಂದೇ ದಿನ, ದೋಷಪರಿಹಾರದ ದಿನ, ಮಹಾಯಾಜಕ ಒಬ್ಬನೇ ತೆರೆಯ ಒಳಗೆ ಹೋಗಿ ಅದರ ಮೇಲೆ ಬಲಿಯ ರಕ್ತ ಚಿಮುಕಿಸುತ್ತಿದ್ದ. ದೇವರು ಜನರನ್ನು ಸಂಧಿಸುವ ಸ್ಥಳ ಅದು. ಸಾಮಾನ್ಯವಾಗಿ ಬಲಿ ಎಂದರೆ ಕೆಳಗಿನಿಂದ ಮೇಲಕ್ಕೆ: ಮನುಷ್ಯ ಕೊಡುತ್ತಾನೆ, ದೇವರು ತಣಿಯುತ್ತಾನೆ. ಪೌಲ ದಿಕ್ಕನ್ನೇ ತಿರುಗಿಸುತ್ತಾನೆ. ಯೇಸುವನ್ನು ಕೃಪಾಸನವಾಗಿ ಮುಂದಿಟ್ಟವನು ದೇವರು.

ಇನ್ನೊಂದು ಪದ ಕಟಲ್ಲಗೆ, ಸಂಧಾನ. ನಾಣ್ಯ ಬದಲಿಸುವುದಕ್ಕೂ ಅದೇ ಪದವಿತ್ತು. ನಮ್ಮಲ್ಲಿ ಸಂಧಾನ ಎಂದರೆ ಪಂಚಾಯ್ತಿ ಕಟ್ಟೆಯ ಚಿತ್ರ ಬರುತ್ತದೆ. ನೀನು ಎರಡು ಹೆಜ್ಜೆ ಹಿಂದೆ ಸರಿ, ಅವನೂ ಎರಡು ಹೆಜ್ಜೆ ಸರಿಯಲಿ ಎಂದು ಹಿರಿಯರು ಮಾಡುವ ತೀರ್ಮಾನ. ಪೌಲನ ಸಂಧಾನ ಹಾಗಿಲ್ಲ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 5ನೇ ಅಧ್ಯಾಯದಲ್ಲಿ ಸಂಧಾನ ಮಾಡಿಕೊಂಡವನು ದೇವರು, ಮಾಡಿಸಿಕೊಂಡವರು ನಾವು. ದೇವರನ್ನು ನಮ್ಮೊಂದಿಗೆ ರಾಜಿ ಮಾಡಿಸಲಾಯಿತು ಎಂದು ಪೌಲ ಎಲ್ಲಿಯೂ ಬರೆಯುವುದಿಲ್ಲ. ಅನ್ಯಾಯಕ್ಕೆ ಒಳಗಾದವನೇ ತಪ್ಪು ಮಾಡಿದವನ ಮನೆ ಬಾಗಿಲಿಗೆ ಮೊದಲು ಬಂದ.

ಶಿಲುಬೆ ಇದನ್ನು ಹೇಗೆ ಸಾಧಿಸಿತು ಎನ್ನುವುದಕ್ಕೆ ವಿವರಣೆಗಳು ಹಲವು. ಎರಡನೇ ಶತಮಾನದ ಐರೇನಿಯಸ್ ಆದಾಮ ಕೆಡಿಸಿದ ದಾರಿಯನ್ನು ಕ್ರಿಸ್ತ ಮೊದಲಿನಿಂದ ನಡೆದು ಸರಿಪಡಿಸಿದ ಎಂದರು. ಹನ್ನೊಂದನೇ ಶತಮಾನದ ಕೊನೆಗೆ ಆನ್ಸೆಲ್ಮ್ ದೇವರ ಗೌರವಕ್ಕೆ ಆದ ಕುಂದನ್ನು ತುಂಬಿಕೊಟ್ಟ ಎಂದರು. ಶಿಕ್ಷೆಯನ್ನು ತಾನೇ ಹೊತ್ತ ಎನ್ನುವ ವಿವರಣೆ ಬಲವಾದದ್ದು ಹದಿನಾರನೇ ಶತಮಾನದ ಸುಧಾರಕರಿಂದ. ಇವುಗಳಲ್ಲಿ ಒಂದನ್ನೇ ನಂಬಬೇಕೆಂದು ಪ್ರಾಚೀನ ಮಹಾಸಭೆಗಳು ಕಟ್ಟು ಮಾಡಲಿಲ್ಲ. ಮೊದಲ ಹೆಜ್ಜೆ ದೇವರದು ಎನ್ನುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಸಹಿ ಹಾಕಿದ ಜಂಟಿ ಘೋಷಣೆ ಅದನ್ನೇ ಹೇಳುತ್ತದೆ: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ನಮ್ಮ ಪುಣ್ಯದ ಬಲದಿಂದಲ್ಲ.

ಹನ್ನೆರಡು ವರ್ಷದ ಹಿಂದೆ ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿ ಲೆಕ್ಕ ತಿದ್ದಿ ಸುಮಾರು 40,000 ರೂಪಾಯಿ ತೆಗೆದಿದ್ದೆ. ಪಾಪನಿವೇದನೆ ಮಾಡಿದ್ದೇನೆ. ಹಣವನ್ನೂ ಕೊಡಬೇಕೇ? ಮಾಲೀಕರು ತೀರಿಕೊಂಡರು.
— ವಿಲ್ಸನ್ ಗಾರ್ಡನ್ನಿನ ಓದುಗರು

ಕೊಡಬೇಕು. ಪಾಪಕ್ಕೆ ಕ್ಷಮೆ ಸಿಕ್ಕಿತು, ಆದರೆ ಹಣ ಇನ್ನೂ ನಿಮ್ಮ ಜೇಬಿನಲ್ಲೇ ಇದೆಯಲ್ಲ. ಕೈಲಾದರೆ ಹಿಂದಿರುಗಿಸುವ ಮನಸ್ಸು ಪಶ್ಚಾತ್ತಾಪದ ಭಾಗವೇ. ಅದು ಇಲ್ಲದಿದ್ದರೆ ಗುರುಗಳು ವಿಮೋಚನೆಯನ್ನು ತಡೆಹಿಡಿಯಲೂಬಹುದು.

ಎಷ್ಟು ಎನ್ನುವುದಕ್ಕೆ ಧರ್ಮಗ್ರಂಥದಲ್ಲೇ ಅಳತೆಗಳಿವೆ. ಮೋಸದಿಂದ ತೆಗೆದುಕೊಂಡವನು ತಾನಾಗಿ ಒಪ್ಪಿಕೊಂಡರೆ ಅಸಲು ಮತ್ತು ಅದರ ಐದನೇ ಒಂದು ಭಾಗ ಎನ್ನುತ್ತದೆ ಯಾಜಕಕಾಂಡ. ನಿಮ್ಮ ಲೆಕ್ಕಕ್ಕೆ 40,000 ಮತ್ತು 8,000, ಒಟ್ಟು 48,000. ಕದ್ದ ಕುರಿಯನ್ನು ಕೊಂದರೆ ಅಥವಾ ಮಾರಿದರೆ ನಾಲ್ಕು ಕುರಿ, ಎತ್ತಾದರೆ ಐದು ಎತ್ತು ಎನ್ನುತ್ತದೆ ವಿಮೋಚನಕಾಂಡ. ಸುಂಕದ ಅಧಿಕಾರಿ ಜಕ್ಕಾಯ ಯೇಸುವಿನ ಮುಂದೆ ನಾಲ್ಕರಷ್ಟು ಕೊಡುತ್ತೇನೆ ಎಂದ, ಜೊತೆಗೆ ಆಸ್ತಿಯ ಅರ್ಧ ಬಡವರಿಗೆ. ಇವು ಇವತ್ತಿನ ಸಭೆಯ ಕಾನೂನಲ್ಲ, ಅಸಲು ಕೊಡುವುದು ಮಾತ್ರ ಕಡ್ಡಾಯ. ಆದರೆ 12 ವರ್ಷದ ಹಿಂದಿನ 40,000 ಇವತ್ತಿನ 40,000 ಅಲ್ಲ, ಹಾಗಾಗಿ ಐದನೇ ಒಂದು ಭಾಗ ಸೇರಿಸುವುದು ನ್ಯಾಯಕ್ಕೆ ಹತ್ತಿರ.

ಮಾಲೀಕರಿಲ್ಲದಿದ್ದರೆ ಹೆಂಡತಿ ಮಕ್ಕಳಿಗೆ ಸೇರಬೇಕು. ಅವರು ಸಿಗುವಾಗ ದೇವಾಲಯದ ಹುಂಡಿಗೆ ಹಾಕಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಕಾಣಿಕೆ ಕೊಟ್ಟಂತೆ ಕಾಣುತ್ತದೆ, ಆದರೆ ಅದು ಇನ್ನೊಬ್ಬರ ದುಡ್ಡು. ಎಷ್ಟು ಹುಡುಕಿದರೂ ವಾರಸುದಾರರು ಸಿಗದಿದ್ದರೆ ಮಾತ್ರ ಬಡವರಿಗೆ ಕೊಡಬಹುದು. ಒಟ್ಟಿಗೆ ಆಗದಿದ್ದರೆ ತಿಂಗಳಿಗೆ 2,000ದಂತೆ 24 ಕಂತು ಕೊಡಿ. ನಿಮ್ಮ ಮಕ್ಕಳ ಊಟಕ್ಕೆ ಕುತ್ತು ಬರುವಂತೆ ಕೊಡಬೇಕಿಲ್ಲ. ಹೆಸರು ಹೇಳಿಕೊಳ್ಳಲೇಬೇಕೆಂದೂ ಇಲ್ಲ. ಗುರುಗಳ ಮೂಲಕ ತಲುಪಿಸಬಹುದು, ಕೊಟ್ಟವರು ಯಾರೆಂದು ಅವರು ಬಾಯಿ ಬಿಡುವುದಿಲ್ಲ. ಆದರೆ ಆ ಲೆಕ್ಕದ ಕೊರತೆಗೆ ಬೇರೊಬ್ಬ ಕೆಲಸಗಾರನ ಮೇಲೆ ಅನುಮಾನ ಬಂದು ಅವನ ಕೆಲಸ ಹೋಗಿದ್ದರೆ, ಬರೀ ಹಣ ಸಾಲದು. ಅವನ ಹೆಸರನ್ನೂ ಶುದ್ಧಮಾಡಬೇಕು.

ಗಂಡ ಕುಡಿದು ಬಂದು ಹೊಡೆಯುತ್ತಾರೆ, ಬೆಳಿಗ್ಗೆ ಕ್ಷಮೆ ಕೇಳುತ್ತಾರೆ. ಸಭೆಯ ಹಿರಿಯರೊಬ್ಬರು 'ಎಪ್ಪತ್ತೇಳು ಸಲ ಕ್ಷಮಿಸಬೇಕು, ಪೊಲೀಸರ ತನಕ ಹೋಗಬೇಡ' ಎಂದರು.
— ಯಲಹಂಕದ ಓದುಗಿ

ತಾಯಿ, ಆ ಹಿರಿಯರು ಅರ್ಧ ಅಧ್ಯಾಯ ಮಾತ್ರ ಓದಿದ್ದಾರೆ. ಹೊಡೆತ ಬೀಳುತ್ತಿರುವಾಗ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಕೌಟುಂಬಿಕ ಹಿಂಸೆಯಿಂದ ರಕ್ಷಿಸುವ 2005ರ ಕಾಯ್ದೆಯಲ್ಲಿ ರಕ್ಷಣಾ ಆದೇಶವನ್ನೂ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ನ್ಯಾಯಾಲಯ ಕೊಡಬಲ್ಲದು. ಇದಾವುದೂ ಪಾಪವಲ್ಲ.

ಈಗ ಆ ಅಧ್ಯಾಯ, ಬೈಬಲಿನ ಮತ್ತಾಯನ ಗ್ರಂಥದ 18. ಎಪ್ಪತ್ತೇಳು ಸಲ ಕ್ಷಮಿಸು ಎಂದು ಯೇಸು ಹೇಳುವ ಮಾತಿಗೆ ಸ್ವಲ್ಪ ಮುಂಚೆ, 15ರಿಂದ 17ನೇ ವಚನದವರೆಗೆ, ತಪ್ಪು ಮಾಡಿದವನನ್ನು ಏನು ಮಾಡಬೇಕೆಂದು ಇದೆ. ಒಬ್ಬರೇ ಹೇಳಿ, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ ಹೇಳಿ, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಿ, ಸಭೆಗೂ ಬಗ್ಗದಿದ್ದರೆ ಹೊರಗಿನವನೆಂದು ಎಣಿಸಿ. ಮುಚ್ಚಿಡು ಎಂದು ಅಲ್ಲಿಲ್ಲ. ಜೀವಕ್ಕೆ ಅಪಾಯವಿರುವಾಗ ಮೊದಲ ಮೆಟ್ಟಿಲನ್ನು ನೀವು ಒಬ್ಬರೇ ಹತ್ತಬೇಕಾಗಿಯೂ ಇಲ್ಲ.

ಎಪ್ಪತ್ತೇಳರ ಮಾತಿನ ಬೆನ್ನಿಗೇ ಬರುವ ಸಾಮತಿಯನ್ನು (ಯೇಸು ಹೇಳಿದ ನೀತಿಕತೆಯನ್ನು) ನಿಧಾನವಾಗಿ ಓದಿ. ಒಬ್ಬ ಸೇವಕ ರಾಜನಿಗೆ 10,000 ತಲಾಂತು ಸಾಲಗಾರ. ಒಂದು ತಲಾಂತು 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಹಾಗಾದರೆ ಸಾಲ 6 ಕೋಟಿ ದಿನದ ಕೂಲಿ. ರಾಜ ಅದನ್ನು ಮನ್ನಾ ಮಾಡಿದ. ಅವನ ಜೊತೆಗಾರ ಅವನಿಗೆ ಕೊಡಬೇಕಾದದ್ದು 100 ದಿನಾರಿ. ಇದು ಚಿಲ್ಲರೆ ಕಾಸು ಎಂದು ಉಪದೇಶಗಳಲ್ಲಿ ಹೇಳುವುದುಂಟು. ಅಲ್ಲ, ಮೂರು ತಿಂಗಳಿಗೂ ಮೀರಿದ ಕೂಲಿ ಅದು. ನಿಮಗಾದ ನೋವು ಸಣ್ಣದು ಎಂದು ಯೇಸು ಹೇಳಲಿಲ್ಲ. ಕ್ಷಮೆ ಪಡೆದ ಆ ಸೇವಕ ಹೊರಗೆ ಬಂದು ಮಾಡಿದ್ದೇನು? ಜೊತೆಗಾರನ ಕುತ್ತಿಗೆ ಹಿಸುಕಿದ. ನೋಡಿದ ಇತರರು ಸುಮ್ಮನಿರಲಿಲ್ಲ, ಹೋಗಿ ರಾಜನಿಗೆ ಎಲ್ಲವನ್ನೂ ತಿಳಿಸಿದರು. ರಾಜ ಅವನನ್ನು ಹಿಡಿಸಿದ. ಇಂಥ ಸಾಮತಿಯ ಮುನ್ನುಡಿಯನ್ನು ಹಿಡಿದು, ಕುತ್ತಿಗೆ ಹಿಸುಕುವವನನ್ನು ಉಳಿಸಿ ಹಿಸುಕಿಸಿಕೊಂಡವಳ ಬಾಯಿ ಮುಚ್ಚಿಸುವುದು ಯೇಸುವಿನ ಮಾತನ್ನು ತಲೆಕೆಳಗು ಮಾಡಿದಂತೆ.

ಕ್ಷಮೆ ಬೇರೆ, ಮತ್ತೆ ಒಂದೇ ಸೂರಿನಡಿ ಬಾಳುವುದು ಬೇರೆ. ಸೇಡು ಬಿಡುವುದು ಕ್ಷಮೆ, ಅದು ನಿಮ್ಮೊಬ್ಬರಿಂದ ಆಗುತ್ತದೆ, ನಿಧಾನಕ್ಕೂ ಆಗಬಹುದು. ಕೂಡಿ ಬಾಳಲು ಇಬ್ಬರೂ ಬೇಕು, ನಿಮ್ಮ ಗಂಡ ಬದಲಾದದ್ದು ಕಾಣಬೇಕು: ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿದ್ದಾರೆಯೇ, ತಿಂಗಳುಗಟ್ಟಲೆ ಕೈ ಎತ್ತದೆ ಇದ್ದಾರೆಯೇ, ಮಾಡಿದ್ದನ್ನು ಮೂರನೆಯವರ ಮುಂದೆ ಒಪ್ಪಿಕೊಳ್ಳುತ್ತಾರೆಯೇ. ಬೆಳಗಿನ ಕಣ್ಣೀರು ಅದಕ್ಕೆ ಸಾಕ್ಷಿಯಾಗಲಾರದು.

ಪ್ರಾರ್ಥನೆಗೆ ಕೂತರೆ ದೇವರನ್ನು ಬೈಯುವ ಕೆಟ್ಟ ಮಾತುಗಳು ತಾವಾಗಿ ನುಗ್ಗುತ್ತವೆ. ಪವಿತ್ರಾತ್ಮರ ವಿರುದ್ಧದ ಪಾಪಕ್ಕೆ ಕ್ಷಮೆಯಿಲ್ಲವಂತೆ. ವಾರಕ್ಕೆ ಮೂರು ಸಲ ಪಾಪನಿವೇದನೆ ಮಾಡಿದರೂ ಭಯ ಹೋಗುತ್ತಿಲ್ಲ.
— ಕೆಂಗೇರಿಯ ವಿದ್ಯಾರ್ಥಿ

ನೀವು ಆ ಪಾಪ ಮಾಡಿಲ್ಲ. ಮಾರ್ಕನ 3ನೇ ಅಧ್ಯಾಯದಲ್ಲಿ ಆ ಮಾತು ಬಂದ ಸಂದರ್ಭ ನೋಡಿ. ಯೇಸು ಕಣ್ಣೆದುರೇ ಜನರನ್ನು ಗುಣಪಡಿಸುತ್ತಿರುವಾಗ ಶಾಸ್ತ್ರಿಗಳು ಇದು ದೆವ್ವದ ಕೆಲಸ ಎಂದರು. ಬೆಳಕನ್ನೇ ಕತ್ತಲೆ ಎಂದು ಹಟ ಹಿಡಿದವನು ಕ್ಷಮೆ ಬೇಕೆಂದು ಕೇಳುವುದೇ ಇಲ್ಲ, ಅಲ್ಲಿರುವ ತೊಡಕು ಅದು. ನೀವು ವಾರಕ್ಕೆ ಮೂರು ಸಲ ಕೇಳುತ್ತಿದ್ದೀರಿ. ತಾನಾಗಿ ನುಗ್ಗುವ ಯೋಚನೆಗೆ ಮನಸ್ಸಿನ ಒಪ್ಪಿಗೆ ಇರುವುದಿಲ್ಲ, ಒಪ್ಪಿಗೆ ಇಲ್ಲದ ಕಡೆ ಪಾಪವೂ ಇಲ್ಲ.

ಯೇಸುಸಭೆಯ (ಜೆಸ್ವಿಟರ) ಸ್ಥಾಪಕ, ಲೊಯೋಲಾದ ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಇಂಥದ್ದೇ ಸಂಕಟದಲ್ಲಿ ಬೆಂದರು, ನಿವೇದಿಸಿದ್ದನ್ನೇ ಮತ್ತೆ ಮತ್ತೆ ನಿವೇದಿಸಿದರು. ಈ ಅನುಭವದಿಂದ ಸಭೆ ಕಲಿತ ಪಥ್ಯ ಹೀಗಿದೆ. ಒಬ್ಬರೇ ಗುರುಗಳ ಬಳಿ ಹೋಗಿ, ಊರೆಲ್ಲ ಸುತ್ತಬೇಡಿ. ಎಷ್ಟು ದಿನಕ್ಕೊಮ್ಮೆ ಬರಬೇಕೆಂದು ಅವರು ಹೇಳುತ್ತಾರೋ ಅಷ್ಟೇ ಹೋಗಿ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬೇಡಿ. ಯೋಚನೆ ಬಂದಾಗ ಅದರೊಡನೆ ಗುದ್ದಾಡಬೇಡಿ, ಅದು ಬಂದು ಹೋಗಲಿ, ಪ್ರಾರ್ಥನೆ ನಿಲ್ಲಿಸದೆ ಮುಂದುವರಿಸಿ. ಎಷ್ಟು ಸಲ ನಿವೇದಿಸಿದರೆ ಅಷ್ಟು ಭಯ ಹೆಚ್ಚುತ್ತದೆ, ತುರಿಕಜ್ಜಿ ಕೆರೆದಂತೆ.

ಇದರೊಂದಿಗೆ ವೈದ್ಯರನ್ನೂ ಕಾಣಿ. ಕೈ ತೊಳೆದಷ್ಟೂ ಸಾಲದು ಎನಿಸುವ ಗೀಳು ಕಾಯಿಲೆ ಭಕ್ತಿಯ ವೇಷದಲ್ಲೂ ಬರುತ್ತದೆ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ನಿಮ್ಹಾನ್ಸ್ ನಿಮ್ಮ ಊರಿನಲ್ಲೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಮಗಳು ಮೊದಲ ಪರಮಪ್ರಸಾದಕ್ಕೆ ತಯಾರಾಗುತ್ತಿದ್ದಾಳೆ. ಪಾಪನಿವೇದನೆಗೆ 'ನಾನೇನೂ ಪಾಪ ಮಾಡಿಲ್ಲ, ಏನು ಹೇಳಲಿ' ಎನ್ನುತ್ತಾಳೆ.
— ಜಾಲಹಳ್ಳಿಯ ತಾಯಿ

ಪಾಪಗಳ ಪಟ್ಟಿ ಬರೆದು ಬಾಯಿಪಾಠ ಮಾಡಿಸಬೇಡಿ. ಹಾಗೆ ಮಾಡಿಸಿದ ಮಕ್ಕಳು ದೊಡ್ಡವರಾದರೂ ಅದೇ ಪಟ್ಟಿ ಒಪ್ಪಿಸುತ್ತಿರುತ್ತಾರೆ. ನೀವು ಗುಮಾನಿಯಿಂದ ಕೆದಕುವುದೂ ಬೇಡ, ಏನು ಹೇಳಿದೆ ಎಂದು ಆಮೇಲೆ ಕೇಳುವುದಂತೂ ಬೇಡವೇ ಬೇಡ. ಬೈಬಲಿನ ಲೂಕನ ಗ್ರಂಥದ 15ನೇ ಅಧ್ಯಾಯದಲ್ಲಿ, ಅಪ್ಪನ ಆಸ್ತಿಯ ಪಾಲನ್ನು ಹಾಳುಮಾಡಿ ಮನೆಗೆ ಮರಳುವ ದುಂದುಗಾರ ಮಗನ ಕತೆ ಹೇಳಿ. ಅವನು ದಾರಿಯಲ್ಲಿ ಮೂರು ಮಾತು ಹೊಂದಿಸಿಕೊಂಡು ಬರುತ್ತಾನೆ: ಪಾಪ ಮಾಡಿದೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವನಂತೆ ಇಟ್ಟುಕೋ. ಮೂರನೆಯದನ್ನು ಹೇಳುವ ಮೊದಲೇ ಅಪ್ಪ ಆಳುಗಳಿಗೆ ನಿಲುವಂಗಿ, ಉಂಗುರ, ಕೆರ ತರಲು ಹೇಳಿರುತ್ತಾನೆ. ಅಪ್ಪ ಎಲ್ಲಿಗೆ ಓಡಿ ಬಂದ ಎಂದು ಮಗಳನ್ನೇ ಕೇಳಿ. ಆಮೇಲೆ ಎರಡೇ ಪ್ರಶ್ನೆ: ಈ ವಾರ ಯಾರಿಗೆ ನಿನ್ನಿಂದ ಅಳು ಬಂತು? ನಿನ್ನ ಕೈಲಿ ಆಗುತ್ತಿದ್ದ ಯಾವ ಒಳ್ಳೆಯ ಕೆಲಸ ಬಿಟ್ಟುಬಿಟ್ಟೆ? ಉತ್ತರವನ್ನು ನಿಮಗೆ ಹೇಳಬೇಕಿಲ್ಲ ಎಂದೂ ಸೇರಿಸಿ. ಹಿಂದಿನ ದಿನ ದೇವಾಲಯಕ್ಕೆ ಕರೆದೊಯ್ದು ಎಲ್ಲಿ ಮಂಡಿಯೂರಬೇಕು, ಗುರುಗಳು ಎಲ್ಲಿ ಕೂರುತ್ತಾರೆ ಎಂದು ತೋರಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ. ಅವಳು ಹೋಗುವ ದಿನ ಸಾಲಿನಲ್ಲಿ ಅವಳ ಮುಂದೆ ನೀವೇ ನಿಲ್ಲಿ.